ನೀರು ಹಾಕಿದಷ್ಟು ಅಂಗಳ

ಧನುರ್ಮಾಸದ ಚಳಿಯಲ್ಲಿ, ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಮೇಜಿನ ಮೇಲೆ ಹಾಗೇ ಬಿಟ್ಟು, ನಾನು ತುಮಕೂರಿನಿಂದ ಬೆಂಗಳೂರಿನ ಬಸ್ಸು ಹತ್ತಿದೆ. ರಜೆ ಕೇಳಲು ಹೋದಾಗ ನಮ್ಮ ಹೆಡ್‌ಮಿಸ್ಟ್ರೆಸ್ಸು ಕನ್ನಡಕದ ಮೇಲಿಂದ ನೋಡಿ, "ಯಾರೋ ಗ್ರೀಕ್ ದೇಶದವನ ಜೊತೆ ಮೈಸೂರಿಗೆ ಹೋಗ್ತೀಯಾ? ಒಬ್ಬಳೇ?" ಎಂದರು. "ಒಬ್ಬಳೇ ಅಲ್ಲ ಮೇಡಂ, ಜೀಪು, ಡ್ರೈವರು, ಇಂಜಿನಿಯರು ಎಲ್ಲಾ ಇರ್ತಾರೆ" ಎಂದೆ. "ಅದೇ ನಾನೂ ಹೇಳಿದ್ದು" ಎಂದು ಗೊಣಗಿ ಸಹಿ ಹಾಕಿದರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳುವ, ಮದುವೆಯಾಗದ, ಮೂವತ್ತು ದಾಟಿದ ಹೆಂಗಸು ಎಲ್ಲಿಗೆ ಹೊರಟರೂ ಊರಿಗೆಲ್ಲ ಅದೇ ಚಿಂತೆ.

ನನ್ನನ್ನು ಈ ತಂಟೆಗೆ ಸಿಕ್ಕಿಸಿದವನು ನನ್ನ ಅಣ್ಣ. ಅವನು ಬೆಂಗಳೂರಿನಲ್ಲಿ ಬಡಾವಣೆಗಳ ನಕ್ಷೆ ತಯಾರಿಸುವ ಕಚೇರಿಯಲ್ಲಿ ಗುಮಾಸ್ತ. ಮೈಸೂರಿನಲ್ಲಿ ಮೇಟಗಳ್ಳಿಯ ಕಡೆ ಕಾರ್ಖಾನೆ ಕೆಲಸಗಾರರಿಗೆಂದು ಒಂದು ಬಡಾವಣೆ ಕಟ್ಟಿದ್ದರು. ಅದನ್ನು ಹಿನಕಲ್ಲಿನ ದಿಕ್ಕಿಗೆ ಬೆಳೆಸುವ ಮುಂಚೆ ಸಲಹೆ ಕೊಡಲು ಗ್ರೀಸಿನಿಂದ ಪೆತ್ರೋಸ್ ಎಂಬ ಹೆಸರಾಂತ ವಾಸ್ತುಶಿಲ್ಪಿಯನ್ನು ಕರೆಸಿದ್ದರು. ಆ ಮನುಷ್ಯ ಬಂದವನೇ ಒಂದು ಷರತ್ತು ಹಾಕಿದನಂತೆ: "ಮನೆಯ ಬಗ್ಗೆ ನಾನು ಮನೆಯೊಳಗೆ ಇರುವವರನ್ನು ಕೇಳಬೇಕು. ಇಂಜಿನಿಯರುಗಳು ಅಡುಗೆಮನೆಗೆ ಹೋಗುವ ಹಾಗಿಲ್ಲ. ಮಾತು ತಿಳಿಸಿಕೊಡಲು ಒಬ್ಬ ಹೆಂಗಸನ್ನು ಕೊಡಿ." ಕಚೇರಿಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡಾಗ ನಮ್ಮಣ್ಣ ಎದ್ದು ನಿಂತು, "ನನ್ನ ತಂಗಿಗೆ ಇಂಗ್ಲಿಷು ಚೆನ್ನಾಗಿ ಬರುತ್ತೆ, ಬಾಯಿ ಅದಕ್ಕಿಂತ ಚೆನ್ನಾಗಿದೆ" ಎಂದನಂತೆ. ಒಡಹುಟ್ಟಿದವರೆಂದರೆ ಹೀಗಿರಬೇಕು ನೋಡಿ!

ಬೆಂಗಳೂರಿನಿಂದ ಮೈಸೂರಿಗೆ ರೈಲು ಎಂಬತ್ತಾರು ಮೈಲಿ. ಪೆತ್ರೋಸರು ಮೊದಲ ದರ್ಜೆಯ ಟಿಕೆಟ್ಟಿದ್ದೂ ನಾನು ಕೂತಿದ್ದ ಮೂರನೇ ದರ್ಜೆಯ ಡಬ್ಬಿಗೆ ಬಂದು ಮರದ ಬೆಂಚಿನ ಮೇಲೆ ಕೂತರು. ಅರವತ್ತರ ಅಂಚಿನ ಗಟ್ಟಿಮುಟ್ಟಾದ ಮನುಷ್ಯ, ದಪ್ಪ ಹುಬ್ಬು, ಬಿಸಿಲಿಗೆ ಸುಟ್ಟ ಮುಖ, ಕೈಯಲ್ಲೊಂದು ಊರುಗೋಲು. ಅವರ ಇಂಗ್ಲಿಷೂ ನನ್ನಂತೆಯೇ ಪುಸ್ತಕ ಓದಿ ಕಲಿತದ್ದು. ಅದಕ್ಕೇ ಇರಬೇಕು, ಇಂಗ್ಲೆಂಡಿನವರ ಇಂಗ್ಲಿಷಿನಲ್ಲಿ ಅರ್ಧ ಬಿಟ್ಟುಹೋಗುವ ನನಗೆ ಇವರ ಮಾತು ಒಂದಕ್ಷರವೂ ತಪ್ಪದೆ ತಿಳಿಯಿತು. ರಾಮನಗರ ದಾಟುವ ಹೊತ್ತಿಗೆ ನಾವಿಬ್ಬರೂ ಸಲೀಸಾಗಿ ಜಗಳವಾಡುವಷ್ಟು ಪರಿಚಯವಾಗಿತ್ತು.

ಮದ್ದೂರಿನಲ್ಲಿ ಕಿಟಕಿಗೆ ವಡೆ ಬಂತು. ಎರಡು ವಡೆ ತಿಂದು, ಬೆರಳು ಒರೆಸಿಕೊಂಡು, ಅವರು ತಮ್ಮ ಕಥೆ ಹೇಳಿದರು. ಹುಟ್ಟಿದ್ದು ಗ್ರೀಸಿನಿಂದ ಸಮುದ್ರದಾಚೆಯ ಸ್ಮಿರ್ನಾ ಎಂಬ ಊರಿನಲ್ಲಿ. ಹುಡುಗನಾಗಿದ್ದಾಗ ಯುದ್ಧದಲ್ಲಿ ಆ ಊರು ಸುಟ್ಟುಹೋಯಿತು. ತಾಯಿ ಇವರನ್ನು ಕಟ್ಟಿಕೊಂಡು ಹಡಗಿನಲ್ಲಿ ಗ್ರೀಸಿಗೆ ಓಡಿಬಂದರು. ಹಲಗೆ, ತಗಡು ಹೊಡೆದ ಗುಡಿಸಲಲ್ಲಿ ವರ್ಷಗಟ್ಟಲೆ ಬದುಕು. ಮಳೆ ಬಂದರೆ ಒಳಗೂ ಒಂದೇ, ಹೊರಗೂ ಒಂದೇ. "ಆಗಲೇ ತೀರ್ಮಾನ ಮಾಡಿದೆ, ದೊಡ್ಡವನಾದ ಮೇಲೆ ನೆಟ್ಟಗಿನ ಗೋಡೆ ಕಟ್ಟುತ್ತೇನೆ ಅಂತ" ಎಂದರು. ಅಥೆನ್ಸಿನಲ್ಲಿ ಓದಿ ವಾಸ್ತುಶಿಲ್ಪಿಯಾದರು. ದೊಡ್ಡ ಯುದ್ಧ ಮುಗಿದ ಮೇಲೆ ಹಾಳುಬಿದ್ದ ಹಳ್ಳಿಗಳನ್ನು ಮತ್ತೆ ಎಬ್ಬಿಸುವ ಕೆಲಸ ಇವರ ಪಾಲಿಗೆ ಬಂತು. ಭೂಕಂಪವಾದ ದ್ವೀಪದಲ್ಲಿ ಮನೆ ಕಟ್ಟಿಸಿದರು. ಆಮೇಲೆ ಬಾಗ್ದಾದು, ಕರಾಚಿ ಎಂದು ದೇಶದೇಶಗಳಿಂದ ಕರೆ. ಕೆತ್ತನೆಯಿಲ್ಲ, ಗೋಪುರವಿಲ್ಲ, ಕಮಾನಿಲ್ಲ. ಸಿಮೆಂಟು, ಬೆಳಕು, ಗಾಳಿ, ನೇರ ಗೆರೆ. ಅದು ಅವರ ಶೈಲಿ.

"ನಮ್ಮಲ್ಲಿ ಒಂದು ಗಾದೆಯಿದೆ, ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ಹೇಳಿ ಅರ್ಥ ಬಿಡಿಸಿದೆ. ಅವರು ನಕ್ಕರು. "ನಾನು ಸಾವಿರಾರು ಮನೆ ಕಟ್ಟಿದೆ, ಮದುವೆ ಮಾತ್ರ ಒಂದೇ. ಎರಡರಲ್ಲೂ ಬೈಸಿಕೊಂಡಿದ್ದೇನೆ" ಎಂದರು. ನಾನು ಎರಡನ್ನೂ ಮಾಡಿಲ್ಲ ಎಂದು ಹೇಳಿದ್ದಕ್ಕೆ ಅಯ್ಯೋ ಪಾಪ ಎನ್ನಲಿಲ್ಲ. ಅಲ್ಲಿಗೆ ನನಗೆ ಅವರ ಮೇಲೆ ಗೌರವ ಹುಟ್ಟಿತು.

ಮೈಸೂರಿನಲ್ಲಿ ನನ್ನ ಬಿಡಾರ ಚಾಮುಂಡಿಪುರದ ಚಿಕ್ಕಮ್ಮನ ಮನೆ, ಅವರದು ಸ್ಟೇಷನ್ ಹತ್ತಿರದ ಹೋಟೆಲು. ಮರುದಿನ ಊರು ನೋಡಲು ಹೊರಟೆವು. ಅರಮನೆಯ ಮುಂದೆ ಅವರು ಹ್ಯಾಟು ತೆಗೆದು, ತಲೆಯಾಡಿಸಿ, ಮುಂದಕ್ಕೆ ನಡೆದುಬಿಟ್ಟರು. ದೇವರಾಜ ಮಾರುಕಟ್ಟೆಯಲ್ಲಿ ಮಾತ್ರ ಬೆಳಗೆಲ್ಲ ಕಳೆದರು. ಮಲ್ಲಿಗೆ, ವೀಳ್ಯದೆಲೆ, ಕುಂಕುಮದ ರಾಶಿ ಎಂದು ನಾನು ತೋರಿಸುತ್ತಿದ್ದರೆ ಅವರು ನೋಡುತ್ತಿದ್ದದ್ದು ನೀರು ಹರಿದುಹೋಗುವ ಚರಂಡಿ, ಮೂಟೆ ಹೊತ್ತವನು ಎದುರು ಬಂದಾಗ ಜನ ಎಷ್ಟು ಸರಿಯುತ್ತಾರೆ ಎಂಬುದು. ಒಂದು ಕಡೆ ನಿಂತರೆ ಬೇರು ಬಿಟ್ಟವರ ಹಾಗೆ ನಿಲ್ಲುತ್ತಿದ್ದರು. ನನ್ನ ಕಾಲು ಬಿದ್ದುಹೋಯಿತು. "ಊರು ನೋಡಬೇಕಾದರೆ ನಡೆಯಬೇಕು, ಅರ್ಥವಾಗಬೇಕಾದರೆ ಕೂರಬೇಕು" ಎಂದರು. "ಹಾಗಿದ್ದರೆ ದಯವಿಟ್ಟು ಕೂರೋಣ" ಎಂದು ಹೋಟೆಲಿಗೆ ನುಗ್ಗಿದೆ.

ಮಸಾಲೆ ದೋಸೆಯೊಳಗಿನ ಕೆಂಪು ಚಟ್ನಿ ಅವರ ಕಣ್ಣಲ್ಲಿ ನೀರು ತರಿಸಿತು. ಕಾಫಿ ಕುಡಿದು ಲೋಟದ ತಳ ನೋಡಿ, "ಗಷ್ಟು ಎಲ್ಲಿ?" ಎಂದರು. ಅವರ ಊರಿನ ಕಾಫಿಯಲ್ಲಿ ತಳಕ್ಕೆ ಬೆರಳ ದಪ್ಪ ಗಷ್ಟು ನಿಲ್ಲುತ್ತದಂತೆ. ಮೊಸರು ಬಂದಾಗ ಮಾತ್ರ ಮುಖ ಅರಳಿತು. ಗಟ್ಟಿ ಮೊಸರನ್ನು ಚಮಚದಲ್ಲಿ ತೆಗೆದು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಇದು ನಮ್ಮ ತಾಯಿ ಮಾಡಿದ್ದು" ಎಂದರು.

ಮಧ್ಯಾಹ್ನ ಹಳೇ ಅಗ್ರಹಾರದ ಬೀದಿಗಳಲ್ಲಿ ಜಗಲಿಗಳನ್ನೂ ಮರದ ಕಂಬಗಳನ್ನೂ ತೋರಿಸಿ ನಾನು ಹೊಗಳತೊಡಗಿದೆ. ಅವರು ಒಪ್ಪಲಿಲ್ಲ. "ಟೀಚರ್, ಈ ಮನೆಗೆ ನೀರು ಎಲ್ಲಿಂದ ಬರುತ್ತದೆ? ಬೀದಿ ಕೊನೆಯಿಂದ. ಯಾರು ಹೊರುತ್ತಾರೆ? ಹೆಂಗಸು. ಒಳಗಿನ ಕೋಣೆಯಲ್ಲಿ ಬೆಳಕಿದೆಯೇ? ಇಲ್ಲ. ಹೊಗೆ ಯಾರ ಕಣ್ಣಿಗೆ? ಹೆಂಗಸಿನ ಕಣ್ಣಿಗೆ. ನಾನು ನೀರು ಹೊತ್ತು, ಹೊಗೆ ಕುಡಿದು ಬೆಳೆದವನು, ನೀವು ನೋಡಲು ಬಂದವರು" ಎಂದರು. ನನಗೆ ಸಿಟ್ಟು ಬಂತು. ದಡದಡನೆ ಮುಂದೆ ನಡೆದುಬಿಟ್ಟೆ.

ಮೂರನೆಯ ದಿನ ಬಡಾವಣೆಗೆ ಹೋದೆವು. ಬನ್ನಿಮಂಟಪದ ಬಯಲು ದಾಟಿ ಜೀಪು ಮೇಟಗಳ್ಳಿಯ ಕಡೆ ತಿರುಗಿತು. ಅಲ್ಲಿ ನಮಗಾಗಿ ಕಾದಿದ್ದವರು ಇಂಜಿನಿಯರ್ ಶ್ರೀಕಂಠಯ್ಯನವರು. ಮುಚ್ಚು ಕೋಟು, ಹಣೆಯಲ್ಲಿ ವಿಭೂತಿ, ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ. ಬಡಾವಣೆ ಕಟ್ಟಿಸಿದವರು ಅವರೇ. ಸಾಲು ಸಾಲಾಗಿ ಬಿಳೀ ಮನೆಗಳು, ಪ್ರತಿ ಮನೆಗೂ ನಲ್ಲಿ, ಪ್ರತಿ ಬೀದಿಗೂ ದೀಪದ ಕಂಬ. ಪೆತ್ರೋಸರು ನಲ್ಲಿ ತಿರುಗಿಸಿ ನೋಡಿ, ನೀರು ಬಂದಾಗ ಶ್ರೀಕಂಠಯ್ಯನವರ ಕೈ ಹಿಡಿದು ಕುಲುಕಿದರು. ಆ ಮನುಷ್ಯನ ಮುಖದಲ್ಲಿ ಮೊದಲ ಸಲ ನಗು ಕಂಡಿತು.

ಆ ನಗು ಮೂರನೇ ಬೀದಿಯಲ್ಲಿ ಮಾಯವಾಯಿತು. ಅಲ್ಲಿ ಪ್ರತಿ ಬಾಗಿಲ ಮುಂದೆಯೂ ಚಪ್ಪಡಿ ಕಲ್ಲು ಹಾಕಿ ಜಗಲಿ ಕಟ್ಟಿಕೊಂಡಿದ್ದರು. ಚರಂಡಿ ಮುಚ್ಚಿತ್ತು, ಕೆಲವು ಜಗಲಿ ರಸ್ತೆಯೊಳಕ್ಕೂ ಚಾಚಿತ್ತು. "ನೋಡಿಮ್ಮ, ಇವರಿಗೆ ಹೇಳಿ," ಎಂದು ಶ್ರೀಕಂಠಯ್ಯನವರು ನನ್ನ ಕಡೆ ತಿರುಗಿದರು. "ನಕ್ಷೆಯಲ್ಲಿ ಗೋಡೆಯಿಂದ ಗೋಡೆಗೆ ರಸ್ತೆ. ನಾಳೆ ಮೋಟಾರು ಬರುತ್ತೆ, ಬಸ್ಸು ಬರುತ್ತೆ. ಈ ಜನ ರಸ್ತೆ ಮೇಲೆ ಸಂಸಾರ ಹೂಡಿದಾರೆ. ಚರಂಡಿ ಗುಡಿಸೋಕೆ ಜಾಗ ಇಲ್ಲ, ಸೊಳ್ಳೆ ಕಾಟ. ನೋಟೀಸು ಕೊಟ್ಟಾಯ್ತು. ತೆಗೀದಿದ್ರೆ ಮನೆ ಹಂಚಿಕೆ ರದ್ದು. ಸಾಹೇಬರು ಅಗಲದ ರಸ್ತೆಯೇ ಸರಿ ಅಂತ ಒಂದು ಮಾತು ಬರೆದುಕೊಟ್ಟರೆ ಸಾಕು, ಎಲ್ಲರ ಬಾಯಿ ಮುಚ್ಚುತ್ತೆ."

ಎಲ್ಲಕ್ಕಿಂತ ದೊಡ್ಡ ಜಗಲಿ ಗೌರಮ್ಮ ಎಂಬಾಕೆಯದು. ಅದರ ಮೇಲೆ ಹೊಲಿಗೆ ಯಂತ್ರ, ಪಕ್ಕದಲ್ಲಿ ಶಾಲೆಯ ಹುಡುಗಿಯರ ನೀಲಿ ಲಂಗಗಳ ರಾಶಿ. ಆಕೆಯ ಗಂಡ ನಿಂಗೇಗೌಡ ಕಾರ್ಖಾನೆಯ ಕೆಲಸಗಾರ. ಇಬ್ಬರೂ ಇಲವಾಲದ ಕಡೆಯ ಹಳ್ಳಿಯವರು. ನಮ್ಮನ್ನು ಕಂಡು ಆಕೆ ಯಂತ್ರ ನಿಲ್ಲಿಸಲಿಲ್ಲ. ಒಂದು ಹೊಲಿಗೆ ಮುಗಿಸಿ, ದಾರ ಹಲ್ಲಲ್ಲಿ ಕಡಿದು, ಆಮೇಲೆ ಎದ್ದಳು.

"ಮನೆ ಒಳಗೆ ಯಾಕೆ ಹೊಲಿಯಲ್ಲ ಅಂತ ಕೇಳ್ತಾರೆ" ಎಂದೆ.

"ಒಳಗಾ? ಬನ್ನಿ ಟೀಚ್ರಮ್ಮ, ನೋಡ್ಬುಡಿ" ಎಂದು ಕೈಹಿಡಿದು ಒಳಗೆ ಕರೆದುಕೊಂಡು ಹೋದಳು. ಕಿಟಕಿಯೇನೋ ಇತ್ತು, ಎದುರಿಗೇ ಪಕ್ಕದ ಸಾಲಿನ ಗೋಡೆ. "ಸೂಜಿಗೆ ದಾರ ಪೋಣ್ಸಕ್ಕೂ ಆಗಕಿಲ್ಲ ಕಣವ್ವ. ಜಗಲಿ ಮ್ಯಾಲೆ ಕುಂತ್ರೆ ಬೆಳಕು, ಬಂದೋರಿಗೆ ಕೂರಕ್ಕೆ ಜಾಗ, ಬಟ್ಟೆ ತಂದೋರು ಒಳೀಕ್ ಬರೋದ್ ಬ್ಯಾಡ. ಊರಲ್ಲಿ ಹೊಲ ಮಾರ್ಬುಟ್ಟು ಈ ಮಿಸಿನ್ ತಗಂಡಿದ್ದು. ಜಗಲಿ ಒಡದ್ರೆ ಮಿಸಿನ್ ಎಲ್ಲಿಕ್ಕಾನೆ? ಜಗಲಿ ಉಳಿಸ್ಕಂಡ್ರೆ ಮನೇನೇ ಕಿತ್ಕತಾರಂತೆ. ನೀವೇ ಹೇಳಿ, ನಾನೇನ್ ಮಾಡ್ಲಿ?" ಎಂದಳು. ಅವಳ ದನಿಯಲ್ಲಿ ಅಳುವಿರಲಿಲ್ಲ, ರೋಷವಿತ್ತು. ನಾನು ಹೊರಗೆ ಬಂದು ಎಲ್ಲವನ್ನೂ ಪೆತ್ರೋಸರಿಗೆ ಹೇಳಿದೆ. ಹೇಳುವಾಗ ನನ್ನ ದನಿಯೂ ಏರಿತ್ತು.

ಪೆತ್ರೋಸರು ಕೋಟು ಕಳಚಿ ನನ್ನ ಕೈಗಿತ್ತು, ನೆಲದ ಮೇಲೆ ಮಲಗಿ ಜಗಲಿಯ ಕೆಳಗಿನ ಚರಂಡಿಯೊಳಗೆ ತಲೆ ಹಾಕಿದರು! ಬೀದಿಯ ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದರು. ಎದ್ದಾಗ ಟೈಯಿಗೂ ಕೆನ್ನೆಗೂ ಕೆಸರು. "ಇಂಜಿನಿಯರು ಹೇಳುವುದು ನಿಜ. ಚರಂಡಿ ಕಟ್ಟಿಕೊಂಡಿದೆ, ಇದರಿಂದ ಮಕ್ಕಳಿಗೆ ಜ್ವರ ಬರುತ್ತದೆ. ಈಕೆ ಹೇಳುವುದೂ ನಿಜ. ಕಿಟಕಿ ತಪ್ಪು ಕಡೆ ಇದೆ" ಎಂದರು. ಎರಡು ಮಾತನ್ನೂ ನಾನು ಗಟ್ಟಿಯಾಗಿಯೇ ಕನ್ನಡಕ್ಕೆ ತಂದೆ. ಇಬ್ಬರಿಗೂ ಅರ್ಧರ್ಧ ಕೋಪ ಬಂತು. ಗೌರಮ್ಮ ಚೊಂಬಿನಲ್ಲಿ ನೀರು ತಂದು ಅವರ ಕೈಗೆ ಹಾಕಿದಳು, ಆಮೇಲೆ ಮಜ್ಜಿಗೆ ಕೊಟ್ಟಳು. "ಕೈ ಕೆಸರಾದರೆ ಬಾಯಿ ಮೊಸರು ಅಂತ ನಮ್ಮ ಗಾದೆ" ಎಂದು ನಾನು ಹೇಳಿದಾಗ ಅವರು ಅದನ್ನು ಎರಡು ಸಲ ಹೇಳಿಸಿಕೊಂಡರು.

ಹೊರಡುವಾಗ ಶ್ರೀಕಂಠಯ್ಯನವರು ಮೇಸ್ತ್ರಿಯನ್ನು ಕರೆದು ಒಂದು ಅಪ್ಪಣೆ ಕೊಟ್ಟರು. ಎಷ್ಟು ಒಡೆಯಬೇಕೆಂದು ಸಾಹೇಬರಿಗೆ ಕಣ್ಣಿಗೆ ಕಾಣಲಿ, ಬೀದಿಯುದ್ದಕ್ಕೂ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಿರಿ ಎಂದು. ಸಂಜೆ ಬೆಳಕಿನಲ್ಲಿ ಹಗ್ಗ ಹಿಡಿದು ಬಿಳೀ ಗೆರೆ ಎಳೆದರು. ಗೆರೆ ಗೋಡೆಯ ಬುಡದಲ್ಲೇ, ಜಗಲಿಗಳ ಮೇಲೇ ಹಾದು, ಎಲ್ಲಾ ಜಗಲಿಗಳನ್ನೂ ರಸ್ತೆಯ ಪಾಲಿಗೆ ಹಾಕಿತು. "ನಾಳೆ ಬೆಳಿಗ್ಗೆ ಮೊದಲು ಇದೇ ಜಗಲಿ" ಎಂದು ಗೌರಮ್ಮನ ಬಾಗಿಲ ಕಡೆ ಕೈ ತೋರಿಸಿದರು.

ಜೀಪಿನಲ್ಲಿ ಪೆತ್ರೋಸರು ಕೆನ್ನೆಯ ಕೆಸರು ಒರೆಸಿಕೊಂಡರು. ಆಮೇಲೆ ತಮ್ಮ ತಾಯಿಯ ವಿಷಯ ತೆಗೆದರು. ಅಥೆನ್ಸಿನಲ್ಲಿ ಅವರು ಕಟ್ಟಿದ ಮೊದಲ ಎತ್ತರದ ಮನೆಯಲ್ಲಿ ತಾಯಿಗೆ ಮೇಲಿನ ಅಂತಸ್ತು ಕೊಟ್ಟಿದ್ದರಂತೆ, ಬಿಸಿಲು ಬೀಳುವ ಬಾಲ್ಕನಿಯೊಂದಿಗೆ. ಆಕೆ ದಿನಾ ಸಂಜೆ ಒಂದು ಕುರ್ಚಿ ಹೊತ್ತು ಮೆಟ್ಟಿಲಿಳಿದು ಬೀದಿಗೆ ಬಂದು ಕೂರುತ್ತಿದ್ದರು. ಯಾಕಮ್ಮ ಎಂದರೆ, "ಮೇಲಿಂದ ಜನರ ತಲೆ ಕಾಣುತ್ತೆ ಮಗ, ಮುಖ ಕಾಣಲ್ಲ" ಎಂದರಂತೆ. ಇವರು ಬಾಗಿಲ ಪಕ್ಕ ಒಂದು ಕಲ್ಲುಬೆಂಚು ಹಾಕಿಸಿದರು. ಅದು ಕಾಲುದಾರಿಯ ಮೇಲಿದೆ ಎಂದು ನಗರದವರು ಒಡೆದುಹಾಕಿದರು. "ನಾನೇ ಬರೆಯಲು ಸಹಾಯ ಮಾಡಿದ್ದ ನಿಯಮ ಅದು. ತಾಯಿ ಕುರ್ಚಿ ಮೇಲಕ್ಕೆ ತೆಗೆದುಕೊಂಡು ಹೋದರು. ಮತ್ತೆ ಕೆಳಗೆ ಬರಲೇ ಇಲ್ಲ" ಎಂದರು. ಇಳಿಯುವಾಗ ಅವರು, "ನಾಳೆ ಸೂರ್ಯ ಹುಟ್ಟುವ ಮುಂಚೆ ಬನ್ನಿ. ಮೊದಲ ಪಾಳಿಯವರು ಕೆಲಸಕ್ಕೆ ಹೋಗುವುದನ್ನು ನೋಡಬೇಕು. ಬೀದಿ ಯಾರಿಗೆ ಬೇಕು ಎಂದು ಅವರ ಕಾಲು ಹೇಳುತ್ತದೆ" ಎಂದರು.

ಅಯ್ಯೋ, ಆ ಚಳಿ! ಚಿಕ್ಕಮ್ಮನ ಶಾಲು ಹೊದ್ದು, ಹಲ್ಲು ಕಟಕಟ ಎನ್ನುತ್ತ ಜೀಪಿನಲ್ಲಿ ಕೂತೆ. ಮಂಜಿನಲ್ಲಿ ಚಾಮುಂಡಿ ಬೆಟ್ಟವೇ ಕಾಣಲಿಲ್ಲ. ಮೂರನೇ ಬೀದಿಯ ತುದಿಯಲ್ಲಿ ಇಳಿದು ನೋಡಿದರೆ, ಸುಣ್ಣದ ಗೆರೆಯೇ ಇಲ್ಲ. ಅದರ ಜಾಗದಲ್ಲಿ ತೊಳೆದ ಜಗಲಿ, ಹಸೀ ನೆಲ, ಸಗಣಿಯ ವಾಸನೆ, ಒಂದೊಂದು ಬಾಗಿಲ ಮುಂದೆಯೂ ರಂಗೋಲಿ. ಧನುರ್ಮಾಸವಲ್ಲವೇ, ಒಂದಕ್ಕಿಂತ ಒಂದು ದೊಡ್ಡದು. ಬೆಳಗಿನ ಜಾವ ಎದ್ದ ಹೆಂಗಸರು ದಿನದಂತೆ ಕಸ ಗುಡಿಸಿ, ಜಗಲಿ ತೊಳೆದು, ಅಂಗಳಕ್ಕೆ ಸಗಣಿ ನೀರು ಹಾಕಿದ್ದರು. ಸರ್ಕಾರದ ಗೆರೆ ನೀರಿನ ಜೊತೆ ಹೋಗಿತ್ತು.

ಗೌರಮ್ಮ ರಂಗೋಲಿಯ ಕೊನೆಯ ಎಳೆ ಎಳೆಯುತ್ತಿದ್ದಳು. "ಅಲ್ಲಮ್ಮಾ, ಅವರು ಹಾಕಿದ್ದ ಗೆರೆ ಅಳಿಸಿಬಿಟ್ಟಿದೀರಲ್ಲ!" ಎಂದೆ. ಅವಳು ತಲೆ ಎತ್ತಿ ಸುತ್ತ ನೋಡಿದಳು. ನಿಜವಾಗಿಯೂ ಆಗಲೇ ಅವಳಿಗೆ ಗೊತ್ತಾದದ್ದು. "ಅಯ್ ಶಿವನೇ! ಗ್ಯಾನವೇ ಇರ್ಲಿಲ್ಲ ಕಣವ್ವ. ಎದ್ದು ಬಾಗ್ಲಿಗೆ ನೀರಾಕೋದು ಅಂಗೇ ಕೈಗೆ ಬಂದ್ಬುಟ್ಟದೆ. ಈಗ ಎಂಗೆ?" ಎಂದು ಕೆನ್ನೆಗೆ ಕೈಯಿಟ್ಟಳು.

ನಾನು ಇಂಗ್ಲಿಷಿನಲ್ಲಿ ಹೇಳಲು ತಿರುಗಿದರೆ ಪೆತ್ರೋಸರು ಪಕ್ಕದಲ್ಲಿರಲಿಲ್ಲ. ಬೀದಿಯ ನಡುವೆ ನಿಂತು ನೆಲ ನೋಡುತ್ತಿದ್ದರು. ಬೆಳಕು ಹರಿದಿತ್ತು. ಬೀದಿಯ ಎರಡು ಕಡೆಯೂ ನೀರು ಬಿದ್ದಷ್ಟು ನೆಲ ಕಪ್ಪಗೆ, ನಡುವೆ ಒಣಗಿದ ಬಿಳೀ ಮಣ್ಣು. ಒಂದು ಮನೆಯ ಒದ್ದೆ ಪಕ್ಕದ ಮನೆಯ ಒದ್ದೆಗೆ ಸೇರಿ ಬೀದಿಯುದ್ದಕ್ಕೂ ಒಂದು ಅಂಚು ಮೂಡಿತ್ತು. ಅಷ್ಟರಲ್ಲಿ ಮೊದಲ ಪಾಳಿಯವರ ಸೈಕಲ್ಲುಗಳು ಬಂದವು. ಎಲ್ಲರೂ ಒಣ ನೆಲದ ಮೇಲೇ ಹೋದರು. ಹಾಲಿನವನು, ಸೌದೆ ಗಾಡಿ, ಶಾಲೆಯ ಮಕ್ಕಳು, ಒಬ್ಬರೂ ಒದ್ದೆ ತುಳಿಯಲಿಲ್ಲ. ಗಾಡಿಯ ಗಾಲಿ ಒಂದು ಕಡೆ ಅಂಚಿನ ಹತ್ತಿರ ಬಂದಾಗ ಗಾಡಿಯವನು ಹಗ್ಗ ಎಳೆದು ಎತ್ತನ್ನು ನಡುವಿಗೆ ತಂದ.

ಪೆತ್ರೋಸರು ನನ್ನ ತೋಳು ಹಿಡಿದುಕೊಂಡರು. "ದಿನಾ ಹೀಗೆಯೇ?" "ದಿನಾ." "ಎಲ್ಲಾ ಊರಲ್ಲೂ?" "ನಮ್ಮನೇಲೂ." "ನೀರು ಎಷ್ಟು ದೂರ ಹಾಕಬೇಕು ಎಂದು ಯಾರು ಹೇಳಿಕೊಡುತ್ತಾರೆ?" ನಾನು ಹುಟ್ಟಿದಂದಿನಿಂದ ನೋಡಿದ ಕೆಲಸ, ಈ ಪ್ರಶ್ನೆ ಯಾವತ್ತೂ ಹೊಳೆದಿರಲಿಲ್ಲ. "ಯಾರೂ ಇಲ್ಲ. ನಮ್ಮದು ಎನ್ನುವಷ್ಟು ದೂರ ಹಾಕ್ತೀವಿ" ಎಂದೆ. ಅವರು ಊರುಗೋಲಿನ ತುದಿಯಿಂದ ಒದ್ದೆಯ ಅಂಚನ್ನು ಮುಟ್ಟಿ, "ಹಾಗಾದರೆ ರಸ್ತೆ ಇಲ್ಲಿಂದ ಶುರು" ಎಂದರು.

ಬಿಸಿಲೇರಿದ ಮೇಲೆ ಶ್ರೀಕಂಠಯ್ಯನವರು ಬಂದರು, ಹಾರೆ ಹಿಡಿದ ಆಳುಗಳ ಸಮೇತ. ಅಷ್ಟು ಹೊತ್ತಿಗೆ ನೆಲವೆಲ್ಲ ಒಣಗಿ ಒದ್ದೆಯ ಸುಳಿವೇ ಇರಲಿಲ್ಲ. ಗೆರೆ ಕಾಣದೆ ಅವರು ಕೆಂಡವಾದರು. "ರಾತ್ರೋರಾತ್ರಿ ಅಳಿಸಿದಾರೆ! ಇದು ಸರ್ಕಾರಕ್ಕೆ ಸವಾಲು ಕಣ್ರೀ!" ಎಂದರು. ಆಳುಗಳು ಗೌರಮ್ಮನ ಜಗಲಿಯ ಚಪ್ಪಡಿಗೆ ಹಾರೆ ಕೊಟ್ಟರು. ಗೌರಮ್ಮ ಯಂತ್ರವನ್ನು ಎರಡು ಕೈಯಲ್ಲಿ ತಬ್ಬಿ ಹಿಡಿದು ಅಲ್ಲೇ ಕೂತುಬಿಟ್ಟಳು. ಕೆಲಸಕ್ಕೆ ಹೋಗದೆ ಉಳಿದಿದ್ದ ನಿಂಗೇಗೌಡ ಕೈಮುಗಿದು ನಿಂತಿದ್ದ.

ನನ್ನ ಕೋಪ ಮೂಗಿನ ತುದಿಯಲ್ಲೇ ಇರುವುದು. "ರೀ ಶ್ರೀಕಂಠಯ್ಯನೋರೆ, ನಿಮ್ಮ ಮನೆ ಬಾಗಿಲಿಗೆ ಯಾರೂ ನೀರು ಹಾಕೋಲ್ವೇನ್ರಿ? ಬೆಳಿಗ್ಗೆ ಎದ್ದು ಬಾಗಿಲು ಸಾರಿಸೋದೂ ಸವಾಲೇ?" ಎಂದು ಕೂಗಿಯೇಬಿಟ್ಟೆ. ಪೆತ್ರೋಸರು ಮೆತ್ತಗೆ ಮಧ್ಯೆ ಬಂದು, ನೀರಿನ ಅಂಚಿನ ವಿಷಯ ಹೇಳಿದರು. ಜಗಲಿ ಆ ಅಂಚಿನೊಳಗಿದ್ದರೆ ಇರಲಿ, ಚರಂಡಿಯ ಮೇಲಿನ ದೊಡ್ಡ ಚಪ್ಪಡಿ ತೆಗೆದು ಒಬ್ಬನೇ ಎತ್ತಬಹುದಾದ ಸಣ್ಣ ಕಲ್ಲು ಹಾಕಿಸಿ, ಅಂಚಿನಾಚೆಗೆ ಚಾಚಿದ್ದನ್ನು ಕತ್ತರಿಸಿ, ಬಸ್ಸಿಗೆ ಬಡಾವಣೆಯ ಹೊರಗಿನ ರಸ್ತೆ ಸಾಕು. ಇಷ್ಟು ಅವರ ಸಲಹೆ.

"ಮೂವತ್ತು ವರ್ಷ ಸರ್ವೀಸು ಮಾಡಿದೀನಿ," ಎಂದರು ಶ್ರೀಕಂಠಯ್ಯನವರು. "ಹೆಂಗಸರು ನೀರು ಚೆಲ್ಲಿದ ಕಡೆ ರಸ್ತೆ ಗಡಿ ಅಂತ ಮೇಲಿನವರಿಗೆ ಹೇಗೆ ಬರೀಲಿ? ಇವತ್ತು ಇಷ್ಟು ಹಾಕ್ತಾರೆ, ನಾಳೆ ಅಷ್ಟು ಹಾಕ್ತಾರೆ. ಅದಕ್ಕೊಂದು ಲೆಕ್ಕ ಇದೆಯೇ?"

"ಬಂದು ನೋಡಿ. ನಾಳೆ ಬೆಳಗಿನ ಜಾವ" ಎಂದರು ಪೆತ್ರೋಸರು.

ಶ್ರೀಕಂಠಯ್ಯನವರು ಗಂಟಲು ಸರಿಮಾಡಿಕೊಂಡು ಆಳುಗಳಿಗೆ ಹಾರೆ ಇಳಿಸಲು ಹೇಳಿದರು. "ಒಂದೇ ದಿನ. ನನಗೆ ಒಪ್ಪಿಗೆಯಾಗದಿದ್ರೆ ನಾಳೆಯೇ ಒಡೆಸೋದು" ಎಂದರು.

ಅವರ ಜೀಪು ಹೋದ ಮೇಲೆ ಬೀದಿಯೆಲ್ಲ ಗೌರಮ್ಮನ ಸುತ್ತ ಸೇರಿತು. ಎದುರು ಮನೆಯ ಮುದುಕಿಯೊಬ್ಬಳು, "ನಾಳೀಕೆ ನಾಕು ಕೊಡ ಜಾಸ್ತಿ ಹುಯ್ದ್ಬುಡಾನ ಕಣ್ರೇ, ಬೀದಿಯೆಲ್ಲ ನಮ್ದೇ ಆಯ್ತದೆ" ಎಂದಳು. ಎಲ್ಲರೂ ನಕ್ಕರು. ಗೌರಮ್ಮ ನಗಲಿಲ್ಲ. "ಬ್ಯಾಡ ಅತ್ತೆ. ದಿನಾ ಎಷ್ಟೋ ಅಷ್ಟೇಯ. ಒಂದು ಚೊಂಬು ಎಚ್ಚಾದ್ರೂ ಅವ್ರ ಮಾತೇ ನಿಜ ಆಗೋಯ್ತದೆ. ಉಳುದ್ರೆ ಉಳೀಲಿ, ಓದ್ರೆ ಓಗ್ಲಿ" ಎಂದಳು. ಪೆತ್ರೋಸರಿಗೆ ಇದನ್ನು ಹೇಳಿದಾಗ ಅವರು ಹ್ಯಾಟು ತೆಗೆದರು. ಅರಮನೆಯ ಮುಂದೆ ತೆಗೆದದ್ದಕ್ಕಿಂತ ಹೆಚ್ಚು ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮುದುಕಿ ಮಾತು ಕೇಳದೆ ನಾಲ್ಕು ಕೊಡ ಸುರಿದುಬಿಟ್ಟರೆ? ಶ್ರೀಕಂಠಯ್ಯನವರು ಬರದೇ ಹೋದರೆ? ಚಿಕ್ಕಮ್ಮ, "ಊರವರ ಜಗಲಿಗೆ ನೀನು ಯಾಕೆ ಹೊರಳಾಡ್ತೀಯೇ, ಮಲಕ್ಕೊ" ಎಂದು ಬೈದಳು.

ಬೆಳಗಿನ ಜಾವ ನಾವು ಹೋಗುವ ಹೊತ್ತಿಗೆ ಶ್ರೀಕಂಠಯ್ಯನವರು ಆಗಲೇ ಬಂದಿದ್ದರು. ತಲೆಗೆ ಮಫ್ಲರು ಸುತ್ತಿಕೊಂಡು, ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಗೌರಮ್ಮನ ಜಗಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ನಿಂತಿದ್ದರು. ಅವರ ನಕ್ಷೆಯ ಪ್ರಕಾರ ಅದು ರಸ್ತೆ. ಮೇಸ್ತ್ರಿ, ಆಳುಗಳು ದೂರದಲ್ಲಿ ಬೀಡಿ ಸೇದುತ್ತಿದ್ದರು. ಬಾಗಿಲುಗಳು ಒಂದೊಂದಾಗಿ ತೆರೆದವು. ಪೊರಕೆಯ ಸದ್ದು ಬೀದಿಯುದ್ದಕ್ಕೂ ಹಬ್ಬಿತು.

ಗೌರಮ್ಮ ಹೊರಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಗಲಿ ಗುಡಿಸಿ, ಕೆಳಗಿಳಿದು ಅಂಗಳ ಗುಡಿಸಿದಳು. ಬಕೆಟ್ಟು ತಂದು ಇಟ್ಟಳು. ಕೈಯಲ್ಲಿ ಸಗಣಿ ನೀರು ತುಂಬಿಕೊಂಡು ಎರಚಬೇಕು, ಎದುರಿಗೆ ಮಫ್ಲರು ಸುತ್ತಿದ ಇಂಜಿನಿಯರು. ಆಳೆತ್ತರದ ಸರ್ಕಾರ ಅಂಗಳದಲ್ಲಿ ನಿಂತಿದೆ. ಅವಳಿಗೆ ಹೊತ್ತಾಗುತ್ತಿತ್ತು, ನಿಂಗೇಗೌಡನಿಗೆ ಬುತ್ತಿ ಕಟ್ಟಬೇಕು.

"ಸೋಮಿ, ವಸಿ ಆಚೆ ನಿಂತ್ಕಳಿ, ಬಾಗ್ಲಿಗೆ ನೀರಾಕ್ಬೇಕು" ಎಂದಳು.

"ಹಾಕಮ್ಮ, ಹಾಕು" ಎಂದು ಶ್ರೀಕಂಠಯ್ಯನವರು ಪಂಚೆಯ ಅಂಚನ್ನು ಮೇಲೆತ್ತಿ ಹಿಂದಕ್ಕೆ ಸರಿದರು. ಒಂದು ಹೆಜ್ಜೆ, ಇನ್ನೊಂದು, ಮತ್ತೊಂದು. ನೀರು ಹಾಕುವಾಗ ಎಷ್ಟು ದೂರ ಸರಿಯಬೇಕೆಂದು ಅವರಿಗೆ ಯಾರೂ ಹೇಳಲಿಲ್ಲ, ಅವರು ಹಿಂದೆ ತಿರುಗಿಯೂ ನೋಡಲಿಲ್ಲ. ಗೌರಮ್ಮ ಎರಚಿದ ನೀರು ಬಂದು ಅವರ ಚಪ್ಪಲಿಯ ತುದಿಗೆ ಒಂದು ಗೇಣು ಈಚೆಗೆ ಬಿದ್ದು ನಿಂತಿತು. ಅವಳು ಪಕ್ಕಕ್ಕೆ ಸಾಗಿ ಮತ್ತೆ ಎರಚಿದಳು, ಎದುರು ಮನೆಯ ಮುದುಕಿಯೂ ಎರಚಿದಳು, ದಿನದಷ್ಟೇ.

ಪೆತ್ರೋಸರು ಊರುಗೋಲು ಊರಿಕೊಂಡು ಒದ್ದೆಯ ಅಂಚು ನೋಡುತ್ತಿದ್ದರು. ಶ್ರೀಕಂಠಯ್ಯನವರು ನೀರು ನೋಡಿದರು, ತಮ್ಮ ಕಾಲು ನೋಡಿದರು, ತಾವು ಮೊದಲು ನಿಂತಿದ್ದ ಜಾಗ ನೋಡಿದರು. ಗಂಟಲು ಸರಿಮಾಡಿಕೊಂಡು, ದೂರದಲ್ಲಿದ್ದ ಮೇಸ್ತ್ರಿಯನ್ನು ಕೂಗಿದರು.

"ಲೋ, ಹಾರೆ ಅಲ್ಲೇ ಇಟ್ಟು ಟೇಪು ಹಿಡ್ಕೊಂಡು ಬಾರೋ. ಇಲ್ಲಿಂದ ಅಳತೆ ತಗೋ, ನನ್ನ ಕಾಲಿಂದ. ಹುಷಾರು, ನೀರು ತುಳೀಬೇಡ."